ಎಕ್ಕದ ಎಲೆ ಹರಿದವರು

ನೇಸರಗಿಯ ನಮ್ಮ ಮನೆಯ ಹಿತ್ತಲಿನಲ್ಲಿ, ದನದ ಕೊಟ್ಟಿಗೆಯ ಗೋಡೆಗೆ ಹತ್ತಿಕೊಂಡು ಒಂದು ಎಕ್ಕದ ಗಿಡವಿದೆ. ಯಾರೂ ನೆಟ್ಟದ್ದಲ್ಲ. ಕಿತ್ತು ಒಗೆದರೂ ಮತ್ತೆ ಹುಟ್ಟುವ ಜಾತಿ ಅದು. ಶನಿವಾರ ಬಂತೆಂದರೆ ಓಣಿಯವರು ಹಣಮಪ್ಪನ ಮಾಲೆಗೆಂದು ಅದರ ಎಲೆ ಹರಿದುಕೊಂಡು ಹೋಗುತ್ತಾರೆ. ನಮ್ಮನ್ನು ಕೇಳಿಯೇ ಹರಿಯಬೇಕೆಂಬ ಕಟ್ಟಳೆಯೇನೂ ಇಲ್ಲ. ದೇವರ ಕೆಲಸಕ್ಕೆ ಯಾರು ಬೇಡ ಅಂದಾರು? ಹೀಗಾಗಿ ಕೆಲವು ವರ್ಷಗಳ ಹಿಂದೆ, ಆ ಗಿಡದ ಕೈಗೆಟಕುವ ಟೊಂಗೆಗಳೆಲ್ಲ ವಾರದ ಯಾವ ದಿನ ನೋಡಿದರೂ ಬೋಳಾಗಿರತೊಡಗಿದಾಗ ನನಗೆ ಅನುಮಾನವೇನೂ ಬರಲಿಲ್ಲ. ಹಣಮಪ್ಪನಿಗೆ ಭಕ್ತರು ಹೆಚ್ಚಾಗಿದ್ದಾರೆ ಅಂದುಕೊಂಡೆ. ಸ್ವಲ್ಪ ಸಿಟ್ಟೂ ಬಂತು, ಯಾಕೆಂದರೆ ಆ ಎಲೆ ನನಗೂ ಬೇಕಾಗಿತ್ತು.

ನನ್ನ ಬಲ ಮೊಣಕಾಲು ನೋಯತೊಡಗಿ ಆಗಲೇ ಬಹಳ ದಿನಗಳಾಗಿದ್ದವು. ಮೊದಲು ಮಾಳಿಗೆಯ ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತಿತ್ತು. ಆಮೇಲೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವಾಗ ತುಕ್ಕು ಹಿಡಿದ ಚಿಲಕದ ಹಾಗೆ ಬಿಗಿದುಕೊಂಡು ಬಿಡುತ್ತಿತ್ತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸಡಿಲಾಗುತ್ತಿತ್ತು. ಕೂತು ಎದ್ದರೆ ಒಳಗೆ ಕಟಕಟ ಸದ್ದು. ಎಕ್ಕದ ಎಲೆಗೆ ಎಳ್ಳೆಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ, ಬಿಸಿ ಇರುವಾಗಲೇ ಮೊಣಕಾಲಿಗೆ ಸುತ್ತಿ ಅರಿವೆ ಕಟ್ಟಿದರೆ ವಾಯು ಇಳಿಯುತ್ತದೆ ಎಂದು ನನ್ನ ತವರು ಸಂಪಗಾಂವದಲ್ಲಿ ಅವ್ವ ಮಾಡಿಕೊಳ್ಳುತ್ತಿದ್ದುದನ್ನು ನೋಡಿದ್ದೆ. ಮಧ್ಯಾಹ್ನ ಊಟವಾಗಿ ಮನೆಯ ಮಂದಿ ಅಡ್ಡಾದ ಮೇಲೆ ನಾನೂ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಅದನ್ನೇ ಮಾಡುತ್ತಿದ್ದೆ. ಬಿಸಿಗೆ ಹಿತವೆನಿಸುತ್ತಿತ್ತು. ಸಂಜೆಯೊಳಗೆ ನೋವು ತನ್ನ ಜಾಗಕ್ಕೆ ತಾನು ಬಂದು ಕೂಡುತ್ತಿತ್ತು.

ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದುದು ಅಕ್ಕನಿಗೆ ಗೊತ್ತಾಗಬಾರದೆಂದು. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಮನೋಳಿಯವಳು. ನಾನು ಈ ಮನೆಗೆ ಬಂದಾಗ ಆಕೆ ಎರಡು ಮಕ್ಕಳ ತಾಯಿ, ನಾನು ಸೀರೆಯ ನಿರಿಗೆ ಹಿಡಿಯಲೂ ಬಾರದ ಹುಡುಗಿ. ಅತ್ತೆ ತೀರಿಕೊಂಡ ಮೇಲೆ ಮನೆಯ ಬೀಗದ ಕೈ ಅಕ್ಕನ ಸೊಂಟಕ್ಕೆ ಬಂತು. ನೆಗೆಣ್ಣಿಯರು ಅಂದರೆ ಹಾವು ಮುಂಗುಸಿ ಎಂದು ಮಂದಿ ಆಡಿಕೊಳ್ಳುತ್ತಾರೆ. ನಮ್ಮ ವಿಷಯದಲ್ಲಿ ಆಡಿಕೊಳ್ಳುವವರಿಗೆ ಬಹಳ ನಿರಾಶೆಯಾಯಿತು. ನಾವು ಜಗಳಾಡಿದ್ದು ಉಂಟು, ಆದರೆ ಒಲೆಯ ಮುಂದೆ ಕೂತರೆ ಮುಗಿಯಿತು, ಜಗಳ ಯಾವುದಕ್ಕೆ ಹತ್ತಿತ್ತು ಎಂಬುದೂ ನೆನಪಿರುತ್ತಿರಲಿಲ್ಲ.

ಆ ಒಲೆ ನೆಲದ ಒಲೆ. ಮನೆಗೆ ಗ್ಯಾಸು ಬಂದು ಬಹಳ ಕಾಲವಾಗಿತ್ತು. ಚಹಾ, ಸಾರು, ಪಲ್ಯ ಎಲ್ಲ ಅದರ ಮೇಲೆ. ರೊಟ್ಟಿ ಮಾತ್ರ ನೆಲದ ಒಲೆಯಲ್ಲೇ. ಅಕ್ಕ ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ ಕೂತು ರೊಟ್ಟಿ ಬಡಿಯುವುದು, ನಾನು ಅವಳ ಎದುರಿಗೆ ಕೂತು ಹಂಚಿಗೆ ಹಾಕಿ, ನೀರು ಸವರಿ, ಬೇಯಿಸಿ ಬುಟ್ಟಿಗೆ ಹಾಕುವುದು. ಹೊಲದ ಆಳುಗಳೂ ಸೇರಿ ಮಂದಿ ಬಹಳ, ರೊಟ್ಟಿಯೂ ಬಹಳ. ಅವಳ ಕೈಯ ಸಪ್ಪಳ ನಿಂತರೆ ನನ್ನ ಕೈ ನಿಲ್ಲುತ್ತಿತ್ತು, ನನ್ನ ಹಂಚು ಖಾಲಿಯಾದರೆ ಅವಳಿಗೆ ಅವಸರ. ಇಬ್ಬರಲ್ಲಿ ಒಬ್ಬರು ಎದ್ದು ಹೋದರೆ ಇನ್ನೊಬ್ಬರ ಮೇಲೆ ಎರಡು ಕೆಲಸ ಬೀಳುತ್ತಿತ್ತು. ಅದಕ್ಕಾಗಿ ಯಾರೂ ಏಳುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ನಮ್ಮಂಥ ಮನೆಗಳಲ್ಲಿದೆ. ಹಿರಿಯರು ನೆಲದ ಮೇಲೆ ಕೂತಿರುವಾಗ ಕಿರಿಯರು ಖುರ್ಚಿಯ ಮೇಲೆ ಕೂಡುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ತಲೆಯ ಮೇಲಿನ ಸೆರಗಿನ ಹಾಗೆ ತಾನಾಗಿಯೇ ಬರುತ್ತದೆ. ಅಕ್ಕ ನೆಲದ ಮೇಲೆ ಕೂಡುವವಳು: ಕಾಳು ಹಸನು ಮಾಡಲು, ಊಟಕ್ಕೆ, ಟೀವಿ ನೋಡಲು ಕೂಡ. ಅವಳ ಮುಂದೆ ನಾನು ಖುರ್ಚಿ ಎಳೆದುಕೊಂಡು ಕೂತರೆ ಹೇಗೆ? ಕೂತರೆ ಯಾಕೆ ಎಂದು ಕೇಳುತ್ತಾಳೆ. ಮೊಣಕಾಲು ನೋವು ಎಂದರೆ, ನೀ ಏಳು, ನಾ ಒಬ್ಬಾಕಿನ ಮಾಡತೇನಿ ಎಂದು ನನ್ನ ಪಾಲಿನದನ್ನೂ ತಾನೇ ಹೊತ್ತುಕೊಳ್ಳುತ್ತಾಳೆ. ವಯಸ್ಸಾದವಳು. ಬೇಡವೇ ಬೇಡ ಎಂದು ನಾನು ತುಟಿ ಬಿಗಿದುಕೊಂಡೆ. ನೋವು ಬಹಳವಾದ ದಿನ ಔಷಧಿ ಅಂಗಡಿಯ ಗುಳಿಗೆ ನುಂಗುತ್ತಿದ್ದೆ.

ಅದೇ ಹೊತ್ತಿಗೆ ಅಕ್ಕ ಬದಲಾಗುತ್ತ ಬಂದಳು. ಸೋಮವಾರ ಸಂಜೆ ನಾವಿಬ್ಬರೂ ಊರ ಹೊರಗಿನ ಈಶ್ವರ ಗುಡಿಗೆ ನಡೆದು ಹೋಗುವ ರೂಢಿಯಿತ್ತು. ದೇವರು ನೆಪ, ದಾರಿಯುದ್ದಕ್ಕೂ ಊರ ಸುದ್ದಿ ಆಡಿಕೊಂಡು ಹೋಗುವುದೇ ನಮಗೆ ಮುಖ್ಯ. ಅಕ್ಕ ಒಂದು ಸೋಮವಾರ ಒಲ್ಲೆ ಅಂದಳು. ಮುಂದಿನ ಸೋಮವಾರವೂ ಒಲ್ಲೆ ಅಂದಳು.

"ಯಾಕ್ರಿ ಅಕ್ಕಾರ, ನನ್ನ ಮ್ಯಾಲ ಏನರ ಸಿಟ್ಟ ಅದೇನು?" ಎಂದು ಕೇಳಿದೆ.

"ಸಿಟ್ಟ ಯಾತರದು? ಬ್ಯಾಸರ ಬಂದೈತಿ ನನಗ. ದೇವ್ರು ಮನ್ಯಾಗ ಇಲ್ಲೇನ? ನೀ ಹೋಗಿ ಬಾ."

ಹೊಲಕ್ಕೆ ಹೋಗುವುದನ್ನು ಬಿಟ್ಟಳು. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಪಂಕ್ತಿಯಲ್ಲಿ ನೆಲಕ್ಕೆ ಕೂತು ಏಳುವಾಗ ನಾಲ್ಕು ಮಂದಿ ನೋಡುತ್ತಾರೆಂಬ ಅಂಜಿಕೆ ಎಂದು ಈಗ ತಿಳಿಯುತ್ತದೆ. ಆಗ ನನಗೆ ತಿಳಿದದ್ದು ಬೇರೆ. ಅಕ್ಕನಿಗೆ ಸೊಸೆ ಬಂದಿದ್ದಾಳೆ, ಇನ್ನು ನಾನು ಯಾತಕ್ಕೆ ಬೇಕು ಎಂದುಕೊಂಡೆ. ಮನಸ್ಸಿನಲ್ಲಿ ಬಹಳ ನೊಂದುಕೊಂಡೆ. ನಗೆಗೇಡಿನ ಸಂಗತಿ ಏನೆಂದರೆ, ನೊಂದುಕೊಂಡ ಗಳಿಗೆಯಲ್ಲೇ ಒಳಗೊಳಗೆ ನನಗೆ ಹಗುರವೂ ಆಗುತ್ತಿತ್ತು. ಗುಡಿಯ ದಾರಿ ನನ್ನ ಮೊಣಕಾಲಿಗೂ ದೂರವಾಗಿತ್ತಲ್ಲ!

ಎಲ್ಲಕ್ಕಿಂತ ನನಗೆ ಚುಚ್ಚಿದ್ದು ಸಂಕ್ರಾಂತಿ. ನಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯಲ್ಲೇ ಕೂತು ಬುತ್ತಿ ಉಣ್ಣುವುದು ಪದ್ಧತಿ. ನಾನು ಈ ಮನೆಗೆ ಬಂದ ವರ್ಷದಿಂದ ನಮ್ಮ ಸಂಕ್ರಾಂತಿ ಅಕ್ಕನ ತವರು ಮನೋಳಿಯ ಹೊಳೆಯಲ್ಲಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಾದಲಿ ಕಟ್ಟಿಕೊಂಡು ಹೊರಟರೆ ಅಕ್ಕ ದಾರಿಯಲ್ಲೇ ಹುಡುಗಿಯಾಗುತ್ತಿದ್ದಳು. ಮನೆಯಲ್ಲಿ ಬೀಗದ ಕೈ ಗಲಗಲಿಸುತ್ತ ಗಂಭೀರವಾಗಿ ಓಡಾಡುವವಳು, ಮಲಪ್ರಭೆ ಕಂಡ ಕೂಡಲೇ ಸೀರೆ ಎತ್ತಿ ಕಟ್ಟಿ, ದಂಡೆಯ ಇಳಿಜಾರಿನಲ್ಲಿ ಎಲ್ಲರಿಗಿಂತ ಮೊದಲು ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ನನ್ನ ಮೇಲೆ ನೀರು ಎರಚುತ್ತಿದ್ದಳು. ಅಂಥವಳು ಒಂದು ವರ್ಷ, "ಥಂಡಿ ಆಗತೈತಿ, ನೀವು ಹೋಗ್ರಿ" ಎಂದು ಮನೆಯಲ್ಲಿ ಉಳಿದುಬಿಟ್ಟಳು. ನಾನು ಹೋದೆ. ಅವಳಿಲ್ಲದ ಹೊಳೆಯಲ್ಲಿ ನೀರು ನೀರಷ್ಟೇ ಆಗಿತ್ತು. ಮರುವರ್ಷ ನಾನೂ ಹೋಗಲಿಲ್ಲ.

ಅಷ್ಟರಲ್ಲಿ ಮನೆ ರಿಪೇರಿ ಹತ್ತಿತು. ಅಕ್ಕನ ಮಗ ಅಡಿಗೆಮನೆ ಒಡೆಸಿ ಹೊಸದಾಗಿ ಮಾಡಿಸುವವನಿದ್ದ. ನಮ್ಮಿಬ್ಬರನ್ನೂ ಕೂಡಿಸಿಕೊಂಡು ಕೇಳಿದ.

"ಯವ್ವಾ, ಕಾಕಿ, ನೆಲದ ಒಲಿ ತಗಿಸಿಬಿಡೂಣು. ಸೊಂಟದೆತ್ತರ ಕಟ್ಟಿ ಕಟ್ಟಸತೇನಿ. ನಿಂತ ರೊಟ್ಟಿ ಬಡೀಬಹುದು, ಬೇಕಂದ್ರ ಎತ್ತರದ ಸ್ಟೂಲ ಹಾಕ್ಕೊಂಡ ಕುಂದ್ರಬಹುದು. ಮೊಣಕಾಲಿಗೆ ತ್ರಾಸ ಇರೂದಿಲ್ಲ."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ಆ ಒಂದು ನೋಟವನ್ನು ನಾನು ಎಷ್ಟು ಸಲ ತಿರುಗಿ ತಿರುಗಿ ನೆನೆದಿದ್ದೇನೋ. ಅತ್ತೆಯ ಕಾಲದ ಒಲೆ ತೆಗೆದರೆ ಅಕ್ಕನಿಗೆ ನೋವಾದೀತು ಎಂದು ನನಗೆ. ಎದುರಾ ಬದುರಾ ಕೂತು ಹರಟೆ ಹೊಡೆಯುವ ಜಾಗ ಹೋದರೆ ನನಗೆ ನೋವಾದೀತು ಎಂದು ಅವಳಿಗೆ. ಇಬ್ಬರಿಗೂ ಮೊಣಕಾಲು ಆ ಗಳಿಗೆಯಲ್ಲೂ ಚುಳ್ ಚುಳ್ ಅನ್ನುತ್ತಿತ್ತು.

"ನಮ್ಮ ಮೊಣಕಾಲಿಗೆ ಏನ ಧಾಡಿ ಆಗೇತಿ?" ಎಂದಳು ಅಕ್ಕ.

"ಹೌದಲ್ಲ ಮತ್ತ! ನಿಂತ ಬಡದ್ರ ರೊಟ್ಟಿ ತೆಳ್ಳಗ ಆಗೂದಿಲ್ಲೋ ತಮ್ಮಾ" ಎಂದೆ ನಾನು.

ಹುಡುಗ ನಕ್ಕು, ನಿಮ್ಮ ಮನಸ್ಸು ಎಂದು ಎದ್ದುಹೋದ. ಹೊಸ ಟೈಲ್ಸಿನ ಅಡಿಗೆಮನೆಯಲ್ಲಿ ನೆಲದ ಒಲೆಯೂ ಹೊಸದಾಗಿ ಕೂತಿತು. ಆ ನುಣುಪು ನೆಲ ಹಳೆಯ ಹಾಸುಗಲ್ಲಿಗಿಂತ ತಣ್ಣಗೆ. ಕೂತು ಏಳುವಾಗ ಕಾಲು ಜಾರುತ್ತಿತ್ತು. ಇನ್ನೂ ನಾಲ್ಕು ವರ್ಷ ನಾವು ಅದರ ಮುಂದೆ ಕೂತೆವು.

ಮೊಣಕಾಲು ಒಂದು ದಿನ ಬಾತು ಕೆಂಪಾಗಿ, ಮಡಚಲೂ ಬಾರದಷ್ಟು ಆಯಿತು. ಬೈಲಹೊಂಗಲಕ್ಕೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸದೆ ವಿಧಿಯಿಲ್ಲ ಎನಿಸಿತು. ಗಂಡನಿಗಷ್ಟೇ ನಿಜ ಹೇಳಿದೆ. ಅಕ್ಕನಿಗೆ, ತವರಿಗೆ ಹೋಗಿ ಬರುತ್ತೇನೆ, ಸಂಪಗಾಂವದಲ್ಲಿ ನಮ್ಮಣ್ಣನಿಗೆ ಆರಾಮಿಲ್ಲವಂತೆ ಎಂದು ಸುಳ್ಳು ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ, ಅವಳೇ ಹಿಂದಿನ ದಿನ ಮನೋಳಿಗೆ ಹೋಗಿ ಬರುತ್ತೇನೆಂದು ಹೊರಟಿದ್ದಳು. ರಾತ್ರಿ ಬೈಲಹೊಂಗಲದ ಮಗಳ ಮನೆಯಲ್ಲಿ ಉಳಿದು, ಮರುದಿನ ಮುಂದಕ್ಕೆ ಹೋಗುತ್ತಾಳಂತೆ. ಒಳ್ಳೆಯದೇ ಆಯಿತು, ಸುಳ್ಳು ಹೇಳುವುದು ತಪ್ಪಿತು ಎಂದು ನಾನು ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ನನ್ನಂಥ ಹೆಂಗಸರೇ ಕಿಕ್ಕಿರಿದಿದ್ದರು. ಎಲ್ಲರ ಕೈಯೂ ಮೊಣಕಾಲ ಮೇಲೆ. ಗೋಡೆಯ ಉದ್ದಕ್ಕೆ ಇಟ್ಟ ಬಾಕಿನ ತುದಿಯಲ್ಲಿ ಜಾಗ ಕಂಡು ಕೂತೆ. ಕೂತ ಮೇಲೆ ಪಕ್ಕದಲ್ಲಿ ಇಳಕಲ್ ಸೀರೆಯ ಪರಿಚಯದ ಸೆರಗು ಕಂಡಿತು. ಸೆರಗಿನ ಒಳಗಿನ ಮುಖ ಗೋಡೆಯ ಕಡೆ ತಿರುಗಿತ್ತು. ನನ್ನನ್ನು ಅವಳು ಮೊದಲೇ ನೋಡಿದ್ದಳು.

"ಅಕ್ಕಾರ" ಎಂದೆ. "ಮನೋಳಿ ಇಷ್ಟ ಸಮೀಪ ಬಂತೇನ್ರಿ?"

ಅಕ್ಕ ನಿಧಾನವಾಗಿ ತಿರುಗಿದಳು. "ನಾನರ ಮನೋಳಿಗೆ ಹೊಂಟಾಕಿ. ನೀ ಎಲ್ಲಿಗೆ ಹೊಂಟಿ?"

"ನನ್ನ ಮೊಣಕಾಲ ನೋವ್ರಿ."

"ಯಾವಾಗಿಂದ?"

"ಬಾಳ ದಿನಾ ಆತು. ನಿಮಗ?"

ಅವಳು ತಲೆ ತಗ್ಗಿಸಿಕೊಂಡು ಕೇಳಿದಳು: "ಹಿತ್ತಲದಾಗಿನ ಎಕ್ಕಿ ಎಲಿ ನೀನ ಹರೀತಿದ್ದೇನ?"

ನನಗೆ ಮೊದಲು ನಗು ಬಂತು. ನಾನು ಎಲೆ ಹರಿಯಲು ಹೋದಾಗಲೆಲ್ಲ ಹೊಸದಾಗಿ ಹರಿದ ತೊಟ್ಟಿನಿಂದ ಹಾಲು ಸೋರುತ್ತಿದ್ದುದನ್ನು ನೋಡಿ ಹಣಮಪ್ಪನ ಭಕ್ತರನ್ನು ಬೈದುಕೊಂಡಿದ್ದೆ. ಅವಳೂ ಅದನ್ನೇ ಬೈದುಕೊಂಡಿದ್ದಳಂತೆ. ಇಬ್ಬರೂ ಅದೇ ಹಂಚಿನ ಮೇಲೆ, ಅದೇ ಮಧ್ಯಾಹ್ನ, ಒಬ್ಬರು ಬಾಡಿಸಿಕೊಂಡು ಹೋದ ಮೇಲೆ ಇನ್ನೊಬ್ಬರು ಬಾಡಿಸಿಕೊಂಡಿದ್ದೆವು. ಹಂಚು ಬೆಚ್ಚಗಿದ್ದುದನ್ನೂ ನಾನು ಗಮನಿಸಿರಲಿಲ್ಲ. ನಕ್ಕವಳಿಗೆ ತಟ್ಟನೆ ಅಳು ಒತ್ತರಿಸಿ ಬಂತು. ಬಾಕಿನ ಮೇಲಿದ್ದ ಹೆಂಗಸರು ನನಗೆ ನೋವು ತಡೆಯಲಾಗುತ್ತಿಲ್ಲ ಎಂದು ತಿಳಿದು, ಇವರನ್ನ ಮೊದಲ ಒಳಗ ಬಿಡ್ರಿ ಎಂದು ನಮ್ಮನ್ನು ಕಳಿಸಿದರು.

ಡಾಕ್ಟರು ನಮ್ಮಿಬ್ಬರ ಎಕ್ಸರೇ ಫೋಟೋಗಳನ್ನು ದೀಪದ ಹಲಗೆಗೆ ಅಕ್ಕಪಕ್ಕ ಸಿಕ್ಕಿಸಿದರು. ತಿಳಿಯದವರಿಗೂ ಭೇದ ಕಾಣುತ್ತಿತ್ತು. ನನ್ನ ಫೋಟೋದಲ್ಲಿ ಮೇಲಿನ ಎಲುಬಿಗೂ ಕೆಳಗಿನ ಎಲುಬಿಗೂ ನಡುವೆ ಸಣ್ಣ ಗೆರೆಯಷ್ಟಾದರೂ ಸಂದಿ ಇತ್ತು. ಅಕ್ಕನದರಲ್ಲಿ ಒಳಮಗ್ಗಲು ಸಂದಿಯೇ ಇಲ್ಲ. ಎಲುಬಿನ ಮೇಲೆ ಎಲುಬು ಕೂತಿತ್ತು, ಅಂಚಿಗೆ ಮುಳ್ಳು ಮುಳ್ಳಾಗಿ ಬೆಳೆದಿತ್ತು. ನಿಂತರೆ ಅವಳ ಕಾಲು ಬಿಲ್ಲಿನ ಹಾಗೆ ಬಾಗುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಸೀರೆಯ ನಿರಿಗೆ ಅದನ್ನು ಇಷ್ಟು ದಿನ ಮುಚ್ಚಿತ್ತು.

"ವಾಯು ಪಿತ್ತ ಏನಲ್ರಿ ಇದು" ಎಂದರು ಡಾಕ್ಟರು. "ಕೀಲಿನ ಒಳಗ ಎಲುಬಿಗೆ ಎಲುಬ ತಾಕದಂಗ ಒಂದ ಮೆತ್ತನ್ನ ಗಾದಿ ಇರತೈತಿ. ಅದು ಸವಿಯಾಕ ಹತ್ತೈತಿ. ಸವದದ್ದನ್ನ ತಿರುಗಿ ಬೆಳಸೂ ಔಷಧ ನನ್ನ ಕಡೆ ಇಲ್ಲ."

"ಗ್ರೀಸ ಖಾಲಿ ಆಗೇತಿ ಅಂತಾರಲ್ರಿ ಮಂದಿ?" ಎಂದೆ.

"ಟ್ರ್ಯಾಕ್ಟರ್ ಅಲ್ರಿ ಅದು, ಗ್ರೀಸ ತುಂಬಾಕ" ಎಂದು ನಕ್ಕರು. "ಆದ್ರ ಮಾಡೂದು ಏನೂ ಇಲ್ಲ ಅಂತಲ್ಲ. ತೊಡಿ ಸ್ನಾಯು ಗಟ್ಟಿ ಇದ್ರ ಭಾರ ಅವು ಹೊರತಾವು, ಕೀಲಿಗೆ ಹಗುರ ಆಗತೈತಿ. ನೆಲಕ್ಕ ಕುಂತ ಏಳೂದ ಬಿಡ್ರಿ. ಕುಕ್ಕುರಗಾಲಲೆ ಕುಂದ್ರೂದ ಬಿಡ್ರಿ, ಖುರ್ಚಿಯಂಥಾ ಪಾಯಖಾನಿ ಮಾಡಸ್ರಿ. ಮೈ ಭಾರ ಒಂದೀಟ ಇಳಸ್ರಿ. ಮತ್ತ ನಡೀರಿ. ಸಪಾಟ ನೆಲದಾಗ ದಿನಾ ನಡೀರಿ. ನೋವು ಅಂತ ಪೂರ್ತಿ ಕುಂತ ಬಿಟ್ರ ಸ್ನಾಯು ಕರಗತಾವು, ನೋವು ಇನ್ನ ಹೆಚ್ಚಾಗತೈತಿ."

ಅಕ್ಕ ನೆಲ ನೋಡುತ್ತ ಕೂತಿದ್ದಳು. ಅವಳು ಗುಡಿ ಬಿಟ್ಟಿದ್ದು, ಹೊಲ ಬಿಟ್ಟಿದ್ದು, ಹೊಳೆ ಬಿಟ್ಟಿದ್ದು ಕಾಲಿಗೆ ವಿಶ್ರಾಂತಿ ಕೊಟ್ಟರೆ ಉಳಿದೀತು ಎಂಬ ಆಸೆಯಿಂದ. ನಡೆಯಬೇಕಾದ ಕಾಲನ್ನು ಕೂಡಿಸಿದ್ದಳು. ಕೂಡಬಾರದ ಒಲೆಯ ಮುಂದೆ ಮಾತ್ರ ದಿನವೂ ಕೂಡಿಸಿದ್ದಳು, ನನಗಾಗಿ. ನಾನು ಕೂತದ್ದು ಅವಳಿಗಾಗಿ. ಡಾಕ್ಟರ ಎದುರಿಗೆ ಇದನ್ನೆಲ್ಲ ಯಾರು ಬಿಡಿಸಿ ಹೇಳುತ್ತಾರೆ? ನನಗೆ ನಮ್ಮ ಮರ್ಯಾದೆಯ ಮೇಲೆ, ನಮ್ಮ ಜಾಣತನದ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ದಿನ ಮನೆಗೆ ಹೋಗಿ ಒಲೆಯನ್ನು ಹಾರೆಯಿಂದ ಒಡೆಯಬೇಕೆನಿಸಿತು.

ಅಕ್ಕನ ಎರಡೂ ಮೊಣಕಾಲಿಗೆ ಆಪರೇಷನ್ ಮಾಡಿ ಹೊಸ ಕೀಲು ಹಾಕಬಹುದು ಎಂದರು ಡಾಕ್ಟರು. ಅದಕ್ಕೂ ಮೊದಲು ಹೃದಯದ ಡಾಕ್ಟರಿಗೆ ತೋರಿಸಬೇಕು. ಅಕ್ಕನ ಮಗ ಬೆಳಗಾವಿಗೆ ಕರೆದುಕೊಂಡು ಹೋದ. ಅಲ್ಲಿ ತಪಾಸಣೆ ಮಾಡಿದವರು, ಹೃದಯ ಬಹಳ ಬಲಹೀನವಾಗಿದೆ, ಅಷ್ಟು ದೊಡ್ಡ ಆಪರೇಷನ್ ತಡೆಯಲಾರದು, ಇನ್ನೂ ಕೆಲವು ವರ್ಷ ಮೊದಲೇ ಬಂದಿದ್ದರೆ ಮಾತು ಬೇರೆ ಇತ್ತು ಎಂದರಂತೆ. ಮಗ ಅದನ್ನು ನನಗೆ ಹೇಳಿ, ಅವ್ವನ ಮುಂದ ಅನಬ್ಯಾಡ ಕಾಕಿ ಎಂದ. ಅಕ್ಕನೂ ಅದನ್ನು ಕೇಳಿಸಿಕೊಂಡಿದ್ದಳು. ತನಗೆ ಗೊತ್ತಿದೆ ಎಂಬುದನ್ನು ಅವಳೂ ಯಾರ ಮುಂದೆಯೂ ಅನ್ನಲಿಲ್ಲ. ಮುಚ್ಚಿಡುವ ಚಾಳಿ ನಮ್ಮ ಮನೆಯಿಂದ ಅಷ್ಟು ಬೇಗ ಹೋಗುವಂಥದ್ದಲ್ಲ.

ಆ ವಾರವೇ ನೆಲದ ಒಲೆ ತೆಗೆಸಿದೆವು. ಕಟ್ಟೆ ಬಂತು, ಎತ್ತರದ ಸ್ಟೂಲು ಬಂತು, ಬೆತ್ತದ ಖುರ್ಚಿ ಎರಡು ಬಂದವು. ಮೊದಲ ದಿನ ಅಕ್ಕ ಖುರ್ಚಿಯಲ್ಲಿ ಕೂತಳು, ನಾನು ಪಕ್ಕದಲ್ಲಿ ನಿಂತೇ ಇದ್ದೆ.

"ಕುಂದ್ರ."

"ಇರಲಿ ಬಿಡ್ರಿ ಅಕ್ಕಾರ."

"ನೀ ಕುಂದ್ರದಿದ್ರ ನಾ ನೆಲಕ್ಕ ಕುಂದ್ರತೇನಿ ನೋಡ. ಎತ್ತಾಕ ಮೂರ ಮಂದಿ ಬೇಕಾಗತಾರ, ಕರಕೊಂಡ ಬಾ."

ಕೂತೆ. ಇಬ್ಬರೂ ಖುರ್ಚಿಯಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿದೆವು. ಒಂದು ಖುರ್ಚಿ ಎಳೆದುಕೊಳ್ಳುವಷ್ಟು ಸಣ್ಣ ಕೆಲಸ ಅದು, ಅದಕ್ಕೆ ಇಷ್ಟು ವರ್ಷ ಬೇಕಾಯಿತು.

ಡಾಕ್ಟರು ಹೇಳಿದ ವ್ಯಾಯಾಮವನ್ನು ದಿನವೂ ಬೆಳಿಗ್ಗೆ ಪಡಸಾಲೆಯಲ್ಲಿ ಮಾಡತೊಡಗಿದೆವು. ಖುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಮುಂದೆ ಚಾಚಿ, ತೊಡೆ ಬಿಗಿದು, ಸ್ವಲ್ಪ ಹೊತ್ತು ಹಿಡಿದು ಇಳಿಸುವುದು. ಮಲಗಿಕೊಂಡು ಮೊಣಕಾಲ ಕೆಳಗೆ ಟಾವೆಲ್ಲಿನ ಸುರುಳಿ ಇಟ್ಟು ಅದನ್ನು ಒತ್ತುವುದು. ಬಿಸಿನೀರಿನ ಚೀಲದಿಂದ ಕಾಯಿಸಿಕೊಳ್ಳುವುದು. ಬಾತು ಬಿಸಿಯಾದ ದಿನ ಮಾತ್ರ ತಣ್ಣೀರಿನ ಬಟ್ಟೆ, ಮತ್ತು ವಿಶ್ರಾಂತಿ. ಅಕ್ಕನಿಗೆ ಕೋಲು ಬಂತು. ಬಹಳ ನೋಯುವ ಕಾಲು ಬಲಗಾಲಾದರೆ ಕೋಲು ಎಡಗೈಯಲ್ಲಿ ಹಿಡಿಯಬೇಕು ಎಂದು ಹೇಳಿಕೊಟ್ಟಿದ್ದರು. ಅವಳು ದಿನವೂ ಬಲಗೈಗೆ ಬದಲಿಸಿಕೊಳ್ಳುವುದು, ನಾನು ದಿನವೂ ಬೈಯುವುದು. "ಈ ಮುದುಕೀರ ಡ್ರಿಲ್ ನೋಡಾಕ ತಿಕೀಟ ಇಡಬೇಕು" ಎಂದು ನನ್ನ ಗಂಡ ಬಾಗಿಲಲ್ಲಿ ನಿಂತು ಕಾಡುತ್ತಿದ್ದರು. ಎಕ್ಕದ ಎಲೆಯನ್ನೂ ಬಿಡಲಿಲ್ಲ ನಾವು. ಬಿಸಿ ಹಿತವಾದರೆ ಕಟ್ಟಿಕೊಳ್ಳಿ, ಗಾದಿ ಬೆಳೆಯುತ್ತದೆಂದು ಮಾತ್ರ ನಂಬಬೇಡಿ, ಅದರ ಹಾಲು ಕಣ್ಣಿಗೆ ತಾಕಿಸಿಕೊಳ್ಳಬೇಡಿ, ಚರ್ಮ ಉರಿದರೆ ಬಿಟ್ಟುಬಿಡಿ ಎಂದು ಡಾಕ್ಟರೂ ಹೇಳಿದ್ದರು. ಈಗ ಒಬ್ಬಳೇ ಹೋಗಿ ಇಬ್ಬರಿಗೂ ಸೇರಿಸಿ ಹರಿದು ತರುತ್ತಿದ್ದೆ.

ನನ್ನ ಮೊಣಕಾಲು ಮಾತು ಕೇಳಿತು. ಆರು ತಿಂಗಳಾಗುವುದರೊಳಗೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ತಪ್ಪಿತು. ಅಕ್ಕನ ಮೊಣಕಾಲು ಅರ್ಧ ಮಾತು ಕೇಳಿತು. ಕೋಲೂರಿ ಅಂಗಳ ದಾಟಿ ಓಣಿಯ ತಿರುವಿನವರೆಗೆ ಹೋಗಿ ಬರುವಂತಾದಳು. ಅಷ್ಟಕ್ಕೇ ಹುರುಪು ಬಂದು, ಒಂದು ದಿನ ಕಾಲು ಚಾಚಿ ಹಿಡಿದಿದ್ದಾಗಲೇ ಕೇಳಿದಳು:

"ಸಂಕ್ರಾಂತಿಗೆ ಹೊಳಿಗೆ ಹೋಗೂಣೇನ?"

"ಇಳೀತೀರಿ?"

"ಇಳೀತೇನಿ. ಯಾಕ ಇಳ್ಯಾಂಗಿಲ್ಲ? ಅದಕ್ಕ ಮತ್ತ ಈ ಕಾಲ ಎತ್ತೂ ಆಟ."

ಆವತ್ತಿನಿಂದ ಅವಳ ವ್ಯಾಯಾಮಕ್ಕೆ ಬೇರೆಯೇ ಮುಖ ಬಂತು. ನಾನು ಸಾಕು ಎಂದರೂ ಬಿಡುತ್ತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಸಲ ಎನ್ನುತ್ತಿದ್ದಳು. ನನಗೆ ಒಳಗೆ ಅಂಜಿಕೆ. ಆ ಎಕ್ಸರೇಯ ಸಂದಿಯಿಲ್ಲದ ಎಲುಬು ಕಣ್ಣ ಮುಂದೆ ಬರುತ್ತಿತ್ತು. ಆದರೆ ಆಗುವುದಿಲ್ಲ ಎಂದು ಅವಳಿಗೆ ಹೇಳುವ ಬಾಯಿ ನನಗೆಲ್ಲಿಂದ ಬರಬೇಕು?

ಕಳೆದ ಸಂಕ್ರಾಂತಿಗೆ ಹೋದೆವು. ಅಕ್ಕನ ಮಗ ಕಾರಿನಲ್ಲಿ ದಂಡೆಯ ತುದಿಯವರೆಗೂ ತಂದು ನಿಲ್ಲಿಸಿದ. ಅಕ್ಕ ಹೊಸ ಸೀರೆಯುಟ್ಟಿದ್ದಳು. ಕೋಲೂರಿ ಇಳಿಜಾರಿನ ಅಂಚಿಗೆ ನಡೆದು ಬಂದು ಕೆಳಗೆ ನೋಡಿದಳು. ಹುಡುಗಿಯಾಗಿದ್ದಾಗ ಓಡಿ ಇಳಿಯುತ್ತಿದ್ದ ಅದೇ ಮಣ್ಣಿನ ಇಳಿಜಾರು, ನಡುನಡುವೆ ಅವೇ ಕಲ್ಲುಗಳು. ಒಂದು ಹೆಜ್ಜೆ ಕೆಳಗಿಟ್ಟಳು. ಮೊಣಕಾಲು ಒಳಗೆ ಕುಸಿಯಿತು. ಮಗ ಹಿಡಿದುಕೊಂಡ. ಮತ್ತೊಮ್ಮೆ ಇಟ್ಟಳು. ಬಾಯಿಂದ ಸಣ್ಣ ಸದ್ದು ಬಂತು, ಅದನ್ನೂ ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಎತ್ತಿಕೊಂಡು ಇಳಿಸಲೇನವ್ವಾ ಎಂದ ಮಗ. ಅವಳು ಕಣ್ಣು ಕೆಂಪು ಮಾಡಿ ನೋಡಿದಳು. ಅವನು ಕಾರಿನಿಂದ ಪ್ಲಾಸ್ಟಿಕ್ ಖುರ್ಚಿ ತಂದು ದಂಡೆಯ ಮೇಲೆ ಹಾಕಿದ. ಅವಳು ಅದರಲ್ಲಿ ಕೂತಳು.

"ತಂಬಗಿ ತುಂಬಿ ನೀರ ತರತೇನ್ರಿ ಅಕ್ಕಾರ" ಎಂದೆ. "ಕಾಲ ಮ್ಯಾಲ ಹಾಕತೇನಿ."

"ತಂಬಗಿ ನೀರು ಮನ್ಯಾಗಿಲ್ಲೇನ?" ಎಂದಳು. ದನಿ ಗಡಸಾಗಿತ್ತು. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟಳು. "ನೀ ಇಳಿ. ನಿನ್ನ ಮೊಣಕಾಲ ಇನ್ನಾ ಅದಾವು. ನಾ ಇಲ್ಲಿಂದ ನೋಡತೇನಿ."

ಇಳಿಯಲು ಮನಸ್ಸಿರಲಿಲ್ಲ. ಇಳಿಯದಿದ್ದರೆ ಅವಳಿಗೆ ಅದೂ ಉಳಿಯುವುದಿಲ್ಲ ಎನಿಸಿ ಅವಳ ಕೋಲು ಹಿಡಿದು ಒಂದೊಂದೇ ಕಲ್ಲು ಇಳಿದೆ. ಮೊಣಕಾಲು ನೋಯಲಿಲ್ಲ. ಒಂದಿಷ್ಟಾದರೂ ನೋಯಬಾರದಿತ್ತೇ ಎಂದುಕೊಂಡೆ. ಸೀರೆ ಎತ್ತಿ ಕಟ್ಟಿ, ಅವಳು ನಿಲ್ಲುತ್ತಿದ್ದಷ್ಟು ಆಳಕ್ಕೆ ಹೋಗಿ ನಿಂತು ತಿರುಗಿ ನೋಡಿದೆ. ಅಕ್ಕ ಮೇಲೆ ಖುರ್ಚಿಯಲ್ಲಿದ್ದಳು, ನಾನು ಕೆಳಗೆ ನೀರಿನಲ್ಲಿದ್ದೆ. ಹಿರಿಯಳು ಮೇಲೆ, ಕಿರಿಯಳು ಕೆಳಗೆ. ನಮ್ಮ ಮನೆಯ ಕಟ್ಟಳೆ ಎಲ್ಲೂ ತಪ್ಪಿರಲಿಲ್ಲ.

"ನೀರ ತಣ್ಣಗ ಅದಾವೇನ?" ಎಂದು ಮೇಲಿನಿಂದ ಕೂಗಿ ಕೇಳಿದಳು.

ಹೌದ್ರಿ ಅಕ್ಕಾರ ಎಂದೆ. ನೀರಿನ ಸಪ್ಪಳದಲ್ಲಿ ಅವಳಿಗೆ ಕೇಳಿಸಲಿಲ್ಲ. ಅವಳು ಮತ್ತೊಮ್ಮೆ ಕೇಳಿದಳು.